ಮಾಸ್ತರರ ಅಮಾನತು: ಊರು ಹೇಳುವುದೊಂದು, ಕಾಯ್ದೆ ಹೇಳುವುದೊಂದು

"ಮಾಸ್ತರ ಸಸ್ಪೆಂಡ್ ಆಗ್ಯಾನಂತ!"

ನವಲಗುಂದ ತಾಲೂಕಿನ ನಮ್ಮ ಮೊರಬದಂಥ ಎರೆಹೊಲದ ಊರಲ್ಲಿ ಈ ಮಾತು ಬಸ್ ಸ್ಟ್ಯಾಂಡಿನಿಂದ ಅಗಸಿಗೆ ಮುಟ್ಟಲು ಅರ್ಧ ತಾಸು ಸಾಕು. ಅಷ್ಟರೊಳಗೆ ಅದು "ನೌಕರಿಯಿಂದ ತಗದ್ರಂತ" ಎಂದಾಗಿರುತ್ತದೆ. ಮುಂದೊಂದು ದಿನ ಅದೇ ಮಾಸ್ತರರು ಹಾಜರಿ ಪುಸ್ತಕ ಹಿಡಿದು ವರ್ಗದೊಳಗೆ ಬಂದರೆ "ಕೇಸು ಬಿದ್ದು ಹೋತು ಬಿಡು" ಎಂದು ಕೆಲವರು, "ರೊಕ್ಕ ತಿನಿಸ್ಯಾನ" ಎಂದು ಉಳಿದವರು. ತಮಾಷೆ ಎಂದರೆ ಕಾಯ್ದೆಯ ಪ್ರಕಾರ ಇವು ಯಾವುವೂ ಆಗಿರಬೇಕಿಲ್ಲ.

ಅಮಾನತು ಎಂಬ ಶಬ್ದವನ್ನೇ ನೋಡಿ. ಅರಬ್ಬಿಯಿಂದ ಬಂದದ್ದು. ಮೂಲ ಅರ್ಥ ನಂಬಿಕೆಯ ಮೇಲೆ ಇಟ್ಟ ವಸ್ತು, ಠೇವು. ತೆಗೆದು ಎಸೆದದ್ದಲ್ಲ, ತೀರ್ಮಾನ ಆಗುವವರೆಗೆ ಬದಿಗೆ ಇಟ್ಟದ್ದು. ನಮ್ಮ ಸೇವಾ ನಿಯಮಗಳೂ ಇದನ್ನೇ ಹೇಳುತ್ತವೆ. ಆದರೆ ಬದಿಗಿಟ್ಟವರನ್ನು ಮರಳಿ ಕರೆಯುವ ದಾರಿ ಈ ದೇಶದಲ್ಲಿ ಸುಮ್ಮನೆ ಹುಟ್ಟಲಿಲ್ಲ.

ಆ ದಾರಿ ಇಲ್ಲದಿದ್ದ ಕಾಲ ನೆನಪಾಗಬೇಕಾದರೆ ಧಾರವಾಡದವರಿಗೆ ಒಂದೇ ಹೆಸರು ಸಾಕು. ಬೇಂದ್ರೆ ಮಾಸ್ತರರು. 1918ರಲ್ಲಿ ಬಿ.ಎ. ಮುಗಿಸಿ ಧಾರವಾಡದಲ್ಲಿ ಶಾಲಾ ಮಾಸ್ತರರಾದವರು. 1932ರಲ್ಲಿ 'ಗರಿ' ಸಂಕಲನ ಬಂತು. ಅದರಲ್ಲಿದ್ದ 'ನರಬಲಿ' ಕವಿತೆ ರಾಜದ್ರೋಹ ಎಂದು ಬ್ರಿಟಿಷ್ ಸರ್ಕಾರಕ್ಕೆ ಕಂಡಿತು. ಬೆಳಗಾವಿಯ ಹಿಂಡಲಗಾ ಜೈಲು, ಆಮೇಲೆ ಮುಗದದಲ್ಲಿ ನಜರಬಂದಿ. ಅದು ಮುಗಿದ ಮೇಲೂ ವರ್ಷಗಟ್ಟಲೆ ಅವರಿಗೆ ಖಾಯಂ ನೌಕರಿ ಇರಲಿಲ್ಲ. 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಸೇರುವ ಹೊತ್ತಿಗೆ ವಯಸ್ಸು 48. ಜೈಲಿನ ದಿನಗಳಿಗೆ ಲೆಕ್ಕ ಇತ್ತು, ಹೊರಗಿನ ಶಿಕ್ಷೆಗೆ ಲೆಕ್ಕವೇ ಇರಲಿಲ್ಲ!

ಸ್ವಾತಂತ್ರ್ಯದ ನಂತರ ಸಂವಿಧಾನದ 311ನೇ ವಿಧಿ ಬಂತು. ವಿಚಾರಣೆ ನಡೆಸದೆ, ಹೇಳಿಕೆ ಕೇಳದೆ ಸರ್ಕಾರಿ ನೌಕರನನ್ನು ವಜಾ ಮಾಡುವಂತಿಲ್ಲ (ಕೋರ್ಟಿನಲ್ಲಿ ಅಪರಾಧ ಸಾಬೀತಾದಾಗ ಬೇರೆ ಮಾತು). ನಮ್ಮ ರಾಜ್ಯದಲ್ಲಿ 1957ರ ಸಿ.ಸಿ.ಎ. ನಿಯಮಗಳು ಬಂದವು. ಅವುಗಳ 8ನೇ ನಿಯಮದಲ್ಲಿ ದಂಡನೆಗಳ ಪಟ್ಟಿ ಇದೆ. ಅಮಾನತು ಅದರಲ್ಲಿ ಇಲ್ಲವೇ ಇಲ್ಲ! ಅದು ಇರುವುದು 10ನೇ ನಿಯಮದಲ್ಲಿ, ಒಂದು ತಾತ್ಕಾಲಿಕ ವ್ಯವಸ್ಥೆಯಾಗಿ.

ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ನೌಕರ 48 ತಾಸಿಗಿಂತ ಹೆಚ್ಚು ಬಂಧನದಲ್ಲಿದ್ದರೆ ತಾನಾಗಿಯೇ ಅಮಾನತಾದಂತೆ. ಬಂಧನ ಯಾಕಾಯಿತು ಎಂದು ನಿಯಮ ಕೇಳುವುದಿಲ್ಲ. ಲಂಚವೇ ಇರಲಿ, ಹೊಲದ ಬದುವಿನ ಜಗಳವೇ ಇರಲಿ, 48 ಎಂದರೆ 48. 2016ರ ಜುಲೈ ಕೊನೆಯಲ್ಲಿ ಮಹದಾಯಿ ತೀರ್ಪಿನ ಸಿಟ್ಟಿನಲ್ಲಿ ನವಲಗುಂದ ಹೊತ್ತಿ ಉರಿದಾಗ, ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಹೊಡೆದಾಗ, ಎಷ್ಟೋ ಜನ ಜೈಲು ಸೇರಿದರು. ಅಂಥ ಗದ್ದಲದಲ್ಲಿ ಒಬ್ಬ ಮಾಸ್ತರ ಸಿಕ್ಕು ಮೂರು ದಿನ ಒಳಗಿದ್ದರೆ, ಕಲ್ಲು ಎಸೆದಿರಲಿ ಬಿಡಲಿ, ಅಮಾನತು ಖಾತ್ರಿ. ಜಾಮೀನು ಸಿಕ್ಕರೂ ಅದು ತಾನಾಗಿ ಹರಿಯುವುದಿಲ್ಲ, ಬೇರೆ ಆದೇಶವೇ ಬೇಕು. ಆ ಗಲಾಟೆಯಲ್ಲಿ ಲಾಠಿ ಬೀಸಿದ ಕೆಲವು ಪೊಲೀಸರೂ ಅಮಾನತಾದರು ಅನ್ನುವುದನ್ನೂ ಮರೆಯಬಾರದು.

ಇನ್ನು ಹೊಟ್ಟೆಯ ಪ್ರಶ್ನೆ. ಅಮಾನತಾದವರಿಗೆ ಮೊದಲು ಅರ್ಧ ಸಂಬಳದಷ್ಟು ಜೀವನಾಂಶ ಭತ್ಯೆ. ಬೇರೆ ಕಡೆ ದುಡಿಯುವಂತಿಲ್ಲ, ಅಪ್ಪಣೆ ಇಲ್ಲದೆ ಕೇಂದ್ರಸ್ಥಾನ ಬಿಡುವಂತಿಲ್ಲ. ಮಹಾರಾಷ್ಟ್ರದಲ್ಲಂತೂ ಶಿಕ್ಷೆಯಾಗಿ ಅಪೀಲು ಹಾಕಿಕೊಂಡವರಿಗೆ ತಿಂಗಳಿಗೆ 1 ರೂಪಾಯಿ ಎಂಬ ನಿಯಮವಿತ್ತು! 1983ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕಿತ್ತು ಹಾಕಿತು. ನಮ್ಮ ಕೋಲಾರದ ಚಿನ್ನದ ಗಣಿಯ ಒಬ್ಬ ಸೆಕ್ಯುರಿಟಿ ಅಧಿಕಾರಿಯ ಕತೆ ಇನ್ನೂ ದೊಡ್ಡದು. 1985ರಲ್ಲಿ ಅವರ ಮನೆ ಮೇಲೆ ದಾಳಿ, ಅಮಾನತು. ಭತ್ಯೆ ಕೊಡಲಿಲ್ಲ, ಅವರು ವಿಚಾರಣೆಗೆ ಬರಲಾಗಲಿಲ್ಲ, ಬರಲಿಲ್ಲವೆಂದು 1986ರಲ್ಲಿ ವಜಾ. 1987ರಲ್ಲಿ ಕ್ರಿಮಿನಲ್ ಕೋರ್ಟು ಖುಲಾಸೆ ಮಾಡಿತು. ಮರಳಿ ಕೆಲಸ ಸಿಕ್ಕಿದ್ದು ಮಾತ್ರ 1999ರಲ್ಲಿ, ಸುಪ್ರೀಂ ಕೋರ್ಟಿನಿಂದ. ಉಪವಾಸ ಕೆಡವಿ ನಡೆಸಿದ ವಿಚಾರಣೆ ವಿಚಾರಣೆಯೇ ಅಲ್ಲ ಎಂಬುದು ಆ ತೀರ್ಪಿನ ಸಾರ. ಮುಂದೆ 2015ರಲ್ಲಿ ಅದೇ ಕೋರ್ಟು, ಮೂರು ತಿಂಗಳೊಳಗೆ ಆರೋಪಪಟ್ಟಿ ಕೊಡದಿದ್ದರೆ ಅಮಾನತು ಎಳೆಯಬಾರದು, ಕೊಟ್ಟಿದ್ದರೆ ಮುಂದುವರಿಸಲು ಕಾರಣ ಬರೆಯಬೇಕು ಎಂದಿತು.

ಹಾಗಾದರೆ ಎಲ್ಲ ಮಾಸ್ತರರೂ ಪಾಪದವರೇ? ಅಲ್ಲ. ಮಕ್ಕಳ ಮೈ ಮುಟ್ಟಿದ ದೂರುಗಳೂ ಇರುತ್ತವೆ. 2012ರ ಪೋಕ್ಸೊ ಕಾಯ್ದೆ ಅದಕ್ಕಾಗಿಯೇ ಬಂದದ್ದು, ಶಾಲೆಯವರೇ ಕೈಮಾಡಿದರೆ ಹೆಚ್ಚಿನ ಶಿಕ್ಷೆ. ಅಂಥ ದೂರು ಬಂದಾಗ ಮಾಸ್ತರರನ್ನು ಅಂದೇ ಶಾಲೆಯಿಂದ ದೂರ ಇಡಬೇಕು, ಅದರಲ್ಲಿ ಎರಡು ಮಾತಿಲ್ಲ. ಅಮಾನತಿನ ನಿಜವಾದ ಉಪಯೋಗವೇ ಅದು. ಮತ್ತೆ, ಮರುನೇಮಕ ಆಯಿತೆಂದರೆ ನಿರ್ದೋಷಿ ಎಂದಲ್ಲ. ಕೇಸು ಕೋರ್ಟಿನಲ್ಲಿ ನಡೆದೇ ಇರುತ್ತದೆ. ಕೋರ್ಟು ಬಿಟ್ಟರೂ ಇಲಾಖಾ ವಿಚಾರಣೆ ಬೇರೆ ನಡೆಯಬಹುದು, ಅಲ್ಲಿ ಬೇಕಾಗುವ ಪುರಾವೆಯ ತೂಕವೂ ಬೇರೆ. ಮರಳಿ ಕರೆಯಬಹುದು, ಆದರೆ ಆ ದೂರು ಕೊಟ್ಟ ಮಗು ಕೂತಿರುವ ವರ್ಗಕ್ಕೇ ಕಳಿಸಬೇಕೆಂದು ಯಾವ ಕಾಯ್ದೆಯೂ ಹೇಳಿಲ್ಲ.

ಈ ಲೆಕ್ಕದಲ್ಲಿ ಯಾರೂ ಎಣಿಸದವರು ಒಬ್ಬರಿದ್ದಾರೆ. ಅಮಾನತಾದವರ ಹುದ್ದೆ ಖಾಲಿ ಎನಿಸಿಕೊಳ್ಳುವುದಿಲ್ಲ, ಆ ಜಾಗಕ್ಕೆ ಖಾಯಂ ಮಾಸ್ತರರು ಬರುವುದಿಲ್ಲ. ನಾಲ್ಕು ವರ್ಷ ಫೈಲು ಧಾರವಾಡದಲ್ಲಿ ಮಲಗಿತೆಂದರೆ ಒಂದನೇ ಇಯತ್ತೆಯ ಹುಡುಗ ಐದನೆಯದಕ್ಕೆ ಬಂದಿರುತ್ತಾನೆ. ತಪ್ಪಿತಸ್ಥನಾಗಿದ್ದರೆ ಅವನಿಗೆ ನಾಲ್ಕು ವರ್ಷದ ಅರ್ಧ ಸಂಬಳ, ನಿರಪರಾಧಿಯಾಗಿದ್ದರೆ ನಾಲ್ಕು ವರ್ಷದ ಅವಮಾನ, ಹುಡುಗನಿಗೆ ಮಾತ್ರ ಎರಡೂ ಕಡೆ ನಷ್ಟವೇ.

ಬೇಂದ್ರೆಯವರ ಕಾಲದಲ್ಲಿ ಮರಳುವ ದಾರಿ ಇರಲಿಲ್ಲ. ಈಗ ದಾರಿ ಇದೆ, ಆದರೆ ಗಾಡಿ ಹುಗಿದು ನಿಲ್ಲುತ್ತದೆ, ಮಳೆಗಾಲದ ಎರೆಮಣ್ಣಿನಲ್ಲಿ ನಿಂತ ಹಾಗೆ. ಬೇಗ ವಿಚಾರಿಸಿ, ಬೇಗ ಹೇಳಿ, ಹೌದೆಂದಾದರೂ ಸರಿ ಅಲ್ಲವೆಂದಾದರೂ ಸರಿ. ಮುಂದಿನ ಸಲ ಯಾರಾದರೂ "ಸಸ್ಪೆಂಡ್ ಆದ್ರಂತ" ಎಂದರೆ ನಾವು ಕೇಳಬೇಕಾದ ಪ್ರಶ್ನೆ ಇಷ್ಟೇ: ಆರೋಪಪಟ್ಟಿ ಕೊಟ್ಟರೇನು? ಎಷ್ಟು ತಿಂಗಳಾಯ್ತು? ಆ ವರ್ಗಕ್ಕೆ ಈಗ ಯಾರು ಕಲಿಸತಾರ?