ಮೇಜಿನ ಸುತ್ತ ಯಾರಿದ್ದಾರೆ? ಜೀವವಿಜ್ಞಾನ ಸಂಸ್ಥೆಗಳ ಸುರಕ್ಷತಾ ಸಮಿತಿಗಳ ಚರಿತ್ರೆ

ಜೀವಿಯೊಂದರ ವಂಶವಾಹಿಯನ್ನು ಬದಲಿಸುವ ಪ್ರಯೋಗಕ್ಕೆ ಮುನ್ನ ಸಂಶೋಧಕರು ತಮ್ಮ ಸಂಸ್ಥೆಯ ಸಮಿತಿಗೆ ಅರ್ಜಿ ಸಲ್ಲಿಸಬೇಕು. ಜೀನ್ ಯಾವ ಜೀವಿಯದು, ಅದನ್ನು ಯಾವುದಕ್ಕೆ ಸೇರಿಸುತ್ತೀರಿ, ಅದು ಕೊಠಡಿಯಿಂದ ಹೊರಬೀಳದಂತೆ ಏನು ವ್ಯವಸ್ಥೆ ಮಾಡಿದ್ದೀರಿ, ತ್ಯಾಜ್ಯವನ್ನು ಹೇಗೆ ನಾಶಪಡಿಸುತ್ತೀರಿ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಬೇಕು. ಈ ಪ್ರಶ್ನೆಗಳು ಎಲ್ಲಿಂದ ಬಂದವು, ಇವನ್ನು ಕೇಳುವ ಹಕ್ಕು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದನ್ನು ಗುರುತಿಸುವುದು ಈ ಲೇಖನದ ಉದ್ದೇಶ.

1. ವಿಜ್ಞಾನಿಗಳ ಸ್ವಯಂ ನಿಯಂತ್ರಣ

1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಾಲ್ ಬರ್ಗ್ ಅವರ ಪ್ರಯೋಗಾಲಯವು ಎಸ್‌ವಿ40 ಎಂಬ ಮಂಗನ ವೈರಸ್ಸಿನ ಡಿಎನ್‌ಎಯನ್ನು ಕರುಳಿನ ಬ್ಯಾಕ್ಟೀರಿಯಾಕ್ಕೆ ಸೇರಿಸುವ ಯೋಜನೆ ಹಾಕಿಕೊಂಡಿತ್ತು. ಈ ವೈರಸ್ ಹ್ಯಾಮ್‌ಸ್ಟರ್‌ಗಳಲ್ಲಿ ಗಡ್ಡೆ ಬೆಳೆಸುತ್ತದೆಂದು ಆಗಲೇ ತಿಳಿದಿತ್ತು. ಸುದ್ದಿ ಕೇಳಿದ ರಾಬರ್ಟ್ ಪೊಲ್ಯಾಕ್ ಎಂಬ ವಿಜ್ಞಾನಿ ಬರ್ಗ್ ಅವರಿಗೆ ಫೋನ್ ಮಾಡಿ ಆತಂಕ ತೋಡಿಕೊಂಡರು. ಬರ್ಗ್ ಆ ಹಂತವನ್ನು ಕೈಬಿಟ್ಟರು. 1974ರ ಜುಲೈನಲ್ಲಿ ಬರ್ಗ್ ಮತ್ತು ಸಹೋದ್ಯೋಗಿಗಳು ಬಹಿರಂಗ ಪತ್ರ ಬರೆದು, ಕೆಲವು ಬಗೆಯ ಪ್ರಯೋಗಗಳನ್ನು ಸದ್ಯಕ್ಕೆ ನಿಲ್ಲಿಸುವಂತೆ ಜಗತ್ತಿನ ವಿಜ್ಞಾನಿಗಳನ್ನು ಕೋರಿದರು. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸಮಾವೇಶ ನಡೆಯಿತು. ಅಪಾಯ ಹೆಚ್ಚಿದಷ್ಟೂ ಕಟ್ಟುಪಾಡು ಬಿಗಿಯಾಗಬೇಕು ಎಂಬ ತತ್ವ ಅಲ್ಲಿ ರೂಪುಗೊಂಡಿತು. 1976ರ ಜೂನ್‌ನಲ್ಲಿ ಅದು ಅಮೆರಿಕ ಸರ್ಕಾರದ ಮಾರ್ಗಸೂಚಿಯಾಯಿತು.

ಅಸಿಲೊಮಾರ್‌ನ ನೈತಿಕ ಧೈರ್ಯ ದೊಡ್ಡದು. ಆದರೆ ಅಲ್ಲಿ ಪ್ರಶ್ನೆ ಕೇಳಿದವರೂ ತೀರ್ಪು ಕೊಟ್ಟವರೂ ಬಹುಮಟ್ಟಿಗೆ ವಿಜ್ಞಾನಿಗಳೇ.

2. ಕೇಂಬ್ರಿಡ್ಜ್‌ನ ನಾಗರಿಕರು

ಮುಂದಿನ ಹೆಜ್ಜೆ ಇಟ್ಟದ್ದು ಒಂದು ನಗರಸಭೆ. ಹಾರ್ವರ್ಡ್ ವಿಶ್ವವಿದ್ಯಾಲಯ ಇಂಥ ಸಂಶೋಧನೆಗೆ ವಿಶೇಷ ಪ್ರಯೋಗಾಲಯ ಕಟ್ಟಲು ಹೊರಟಾಗ, ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್ ನಗರದ ಮೇಯರ್ ಆಲ್‌ಫ್ರೆಡ್ ವೆಲ್ಲೂಚಿ 1976ರಲ್ಲಿ ಅದನ್ನು ಬಹಿರಂಗ ಸಭೆಯ ಚರ್ಚೆಗೆ ತಂದರು. ನಗರಸಭೆ ತಾತ್ಕಾಲಿಕ ತಡೆ ಒಡ್ಡಿ, ಎಂಟು ಮಂದಿಯ ನಾಗರಿಕ ಸಮಿತಿ ರಚಿಸಿತು. ಅದರ ಅಧ್ಯಕ್ಷರು ಒಬ್ಬ ವ್ಯಾಪಾರಿ. ಆಸ್ಪತ್ರೆಯಲ್ಲಿ ದುಡಿಯುವ ಸನ್ಯಾಸಿನಿ, ವೈದ್ಯರು, ಕಟ್ಟಡ ಎಂಜಿನಿಯರ್, ನಗರ ನೀತಿಯ ಪ್ರಾಧ್ಯಾಪಕರು ಅದರಲ್ಲಿದ್ದರು. ಡಿಎನ್‌ಎ ಸಂಶೋಧಕರು ಒಬ್ಬರೂ ಇರಲಿಲ್ಲ. ಪರ–ವಿರೋಧದ ವಿಜ್ಞಾನಿಗಳನ್ನು ಕರೆಸಿ ತಿಂಗಳುಗಟ್ಟಲೆ ವಿಚಾರಣೆ ನಡೆಸಿದ ಅವರು, ಹೆಚ್ಚುವರಿ ಷರತ್ತುಗಳೊಡನೆ ಸಂಶೋಧನೆ ಮುಂದುವರಿಯಲಿ ಎಂದರು. 1977ರ ಆರಂಭದಲ್ಲಿ ಅದು ನಗರದ ಕಾನೂನಾಯಿತು. ಸಾಮಾನ್ಯ ಜನರಿಗೆ ಅವಕಾಶ ಕೊಟ್ಟರೆ ವಿಜ್ಞಾನ ನಿಂತುಹೋಗುತ್ತದೆಂಬ ಭಯಕ್ಕೆ ಆಧಾರವಿಲ್ಲವೆಂದು ಈ ಪ್ರಸಂಗ ತೋರಿಸಿತು. 1978ರಲ್ಲಿ ಪರಿಷ್ಕೃತವಾದ ಅಮೆರಿಕದ ಮಾರ್ಗಸೂಚಿ, ಪ್ರತಿ ಸಂಸ್ಥೆಯ ಸಮಿತಿಯಲ್ಲೂ ಹೊರಗಿನವರಿಗೆ ಸ್ಥಾನ ಕಡ್ಡಾಯಗೊಳಿಸಿತು.

3. ಭಾರತದ ನಿಯಮ, ಕರ್ನಾಟಕದ ಅನುಭವ

ನಮ್ಮಲ್ಲಿ 1986ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆಯೂ ಪರಿಸರ ಸಂರಕ್ಷಣಾ ಕಾಯ್ದೆಯೂ ಬಂದವು. ಆ ಕಾಯ್ದೆಯಡಿ 1989ರ ಡಿಸೆಂಬರ್‌ನಲ್ಲಿ ಹೊರಟ ನಿಯಮಗಳು ಪ್ರತಿ ಸಂಸ್ಥೆಯಲ್ಲೂ ಜೈವಿಕ ಸುರಕ್ಷತಾ ಸಮಿತಿ ಇರಬೇಕೆಂದವು. ಅದರಲ್ಲಿ ಯಾರಿರಬೇಕೆಂದೂ ಹೇಳಿದವು: ಸಂಸ್ಥೆಯ ಮುಖ್ಯಸ್ಥರು, ಡಿಎನ್‌ಎ ಕೆಲಸದಲ್ಲಿ ತೊಡಗಿದ ವಿಜ್ಞಾನಿಗಳು, ಒಬ್ಬ ವೈದ್ಯಕೀಯ ತಜ್ಞರು, ಇಲಾಖೆಯ ಒಬ್ಬ ಪ್ರತಿನಿಧಿ. ಜನಸಾಮಾನ್ಯರ ಹೆಸರು ಅಲ್ಲಿಲ್ಲ.

ಒಳಗೆ ಜಾಗ ಸಿಗದ ಪ್ರಶ್ನೆ ಹೊಲಕ್ಕಿಳಿಯಿತು. 1998ರ ನವೆಂಬರ್‌ನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಕೀಟ ತಡೆಯುವ ಬ್ಯಾಕ್ಟೀರಿಯಾ ಜೀನ್ ಸೇರಿಸಿದ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿತು. ಬಳಿಕ ಬಂದದ್ದು ಬಿಟಿ ಬದನೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ಜೀನ್ ಸೇರಿಸಲು ಆರಿಸಿಕೊಂಡ ತಳಿಗಳಲ್ಲಿ ಮಲಾಪುರ, ಕುಡಚಿ, ರಬಕವಿ ಮತ್ತು ಉಡುಪಿಯ ಬದನೆಗಳಿದ್ದವು. ಉಡುಪಿ ಸೀಮೆಯಲ್ಲಿ ಮಟ್ಟುಗುಳ್ಳ ಬದನೆಯೆಂದರೆ ಬರೀ ತರಕಾರಿಯಲ್ಲ. ತಿಳಿಹಸಿರು ಮೈಯ, ಗುಂಡನೆಯ ಆ ಕಾಯಿಯ ಹುಟ್ಟನ್ನು ಜನ ಯತಿ ವಾದಿರಾಜರ ಅನುಗ್ರಹಕ್ಕೆ ಜೋಡಿಸುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ದುಂಬಿ ಹೊತ್ತು ತರುವ ಪರಾಗದಿಂದ ತಮ್ಮ ಬೀಜ ಕಲಬೆರಕೆಯಾದರೆ ಗತಿಯೇನು ಎಂಬುದು ಇಂಥ ತಳಿ ಉಳಿಸಿಕೊಂಡು ಬಂದವರು ಕೇಳಲೇಬೇಕಾದ ಪ್ರಶ್ನೆ. 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಅನುಮೋದನಾ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟ ಮೇಲೆಯೇ ಸಚಿವ ಜೈರಾಂ ರಮೇಶ್ ಏಳು ನಗರಗಳಲ್ಲಿ ಜನಾಭಿಪ್ರಾಯ ಆಲಿಸಿದರು. ಕೊನೆಯದು ಬೆಂಗಳೂರಿನಲ್ಲಿ, 2010ರ ಫೆಬ್ರವರಿ 6ರಂದು. ಮೂರೇ ದಿನಕ್ಕೆ ಬೆಳೆಗೆ ತಡೆ ಬಿತ್ತು. ಸಂಶೋಧನೆಯ ಮೊದಲ ದಿನ ಕೇಳಿಸಿಕೊಳ್ಳಬೇಕಾದ ಮಾತನ್ನು ವರ್ಷಗಳ ದುಡಿಮೆ ಮುಗಿದ ಮೇಲೆ ಕೇಳಿಸಿಕೊಂಡೆವು. ಇದರಿಂದ ವಿಜ್ಞಾನಿಗೂ ನಷ್ಟ, ರೈತನಿಗೂ ನಷ್ಟ.

4. ಉಪಸಂಹಾರ

ಯುರೋಪಿನಲ್ಲಿ 2010ರ ದಶಕದಲ್ಲಿ ‘ಹೊಣೆಯರಿತ ಸಂಶೋಧನೆ ಮತ್ತು ನಾವೀನ್ಯ’ ಎಂಬ ಪರಿಕಲ್ಪನೆ ಬೇರೂರಿತು. ಪರಿಣಾಮವನ್ನು ಮೊದಲೇ ಊಹಿಸುವುದು, ತನ್ನ ನಂಬಿಕೆಗಳನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಎಲ್ಲರನ್ನೂ ಒಳಗೊಳ್ಳುವುದು, ಕೇಳಿದ್ದಕ್ಕೆ ತಕ್ಕಂತೆ ದಾರಿ ಬದಲಿಸುವುದು ಅದರ ನಾಲ್ಕು ಆಯಾಮಗಳು. ಒಳಗೊಳ್ಳುವಿಕೆ ನಮಗೆ ಹೊಸತೇನಲ್ಲ. ಮನುಷ್ಯರ ಮೇಲಿನ ಸಂಶೋಧನೆಯನ್ನು ಪರಿಶೀಲಿಸುವ ನಮ್ಮ ನೈತಿಕ ಸಮಿತಿಗಳಲ್ಲಿ ಜನಸಾಮಾನ್ಯರ ಪ್ರತಿನಿಧಿ ಇರಲೇಬೇಕು. ಪ್ರಾಣಿ ಪ್ರಯೋಗಗಳ ಸಮಿತಿಯಲ್ಲೂ ಸಾಮಾಜಿಕ ಕಾಳಜಿಯುಳ್ಳ ಹೊರಗಿನ ಸದಸ್ಯರಿರುತ್ತಾರೆ. 1989ರ ನಿಯಮ ಮಾತ್ರ ಜೀನ್ ಬದಲಿಸುವ ಪ್ರಯೋಗಗಳ ಸಮಿತಿಯಲ್ಲಿ ಅಂಥ ಸ್ಥಾನ ಇಡಲಿಲ್ಲ.

2022ರಲ್ಲಿ, ಹೊರಗಿನ ಡಿಎನ್‌ಎ ಉಳಿಯದಂತೆ ಜೀನ್ ತಿದ್ದಿದ ಕೆಲವು ಬಗೆಯ ಸಸ್ಯಗಳಿಗೆ ಮೇಲಿನ ಹಂತದ ಪರಿಶೀಲನೆಯಿಂದ ವಿನಾಯಿತಿ ಸಿಕ್ಕಿತು. ಹೊರಗಿನ ಡಿಎನ್‌ಎ ಉಳಿದಿಲ್ಲವೆಂದು ಖಾತ್ರಿಪಡಿಸುವ ಭಾರ ಸಂಸ್ಥೆಯ ಸಮಿತಿಯ ಹೆಗಲಿಗೆ ಬಿತ್ತು. ಅಧಿಕಾರ ಹೆಚ್ಚಿದ ಈ ಹೊತ್ತಿನಲ್ಲಿ ಸಮಿತಿಯ ಬಾಗಿಲೂ ಅಗಲವಾಗಬೇಕು. ನಿಯಮ ತಿದ್ದುಪಡಿಯಾಗುವವರೆಗೆ ಕಾಯಬೇಕಿಲ್ಲ. ಆಹ್ವಾನಿತರಾಗಿಯಾದರೂ ಕೃಷಿ ವಿಶ್ವವಿದ್ಯಾಲಯಗಳು ಒಬ್ಬ ರೈತರನ್ನು, ನಗರದ ಸಂಸ್ಥೆಗಳು ನೆರೆಹೊರೆಯ ಒಬ್ಬ ನಾಗರಿಕರನ್ನು ಮುಂದಿನ ಸಭೆಗೆ ಕರೆಯಲಿ. ಅರ್ಜಿಯ ಸಾರಾಂಶ ಅವರ ಕೈಗೆ ಕನ್ನಡದಲ್ಲಿ ಸಿಗಲಿ.