ರಾಬರ್ಟ್ ಹೋಮ್: ಮೈಸೂರು ಯುದ್ಧದ ಇತಿಹಾಸ ಚಿತ್ರಕಾರ

18ನೇ ಶತಮಾನದ ಯುರೋಪಿನ ಕಲಾ ಅಕಾಡೆಮಿಗಳು ಇತಿಹಾಸ ಚಿತ್ರಕ್ಕೆ ಎಲ್ಲಕ್ಕಿಂತ ಎತ್ತರದ ಸ್ಥಾನ ಕೊಟ್ಟಿದ್ದವು. ಆದರೆ ಬಹುತೇಕ ಚಿತ್ರಕಾರರ ಜೀವನ ಸಾಗುತ್ತಿದ್ದದ್ದು ಸಿರಿವಂತರ ಭಾವಚಿತ್ರಗಳಿಂದ. ಇಂಗ್ಲೆಂಡಿನ ರಾಬರ್ಟ್ ಹೋಮ್ (1752–1834) ಇದೇ ಇಕ್ಕಟ್ಟಿನಲ್ಲಿದ್ದವನು. ಅವನಿಗೆ ಇತಿಹಾಸ ಚಿತ್ರಕಾರನಾಗುವ ಅವಕಾಶ ಒದಗಿದ್ದು ಕನ್ನಡ ನೆಲದಲ್ಲಿ, ಮೂರನೆಯ ಮೈಸೂರು ಯುದ್ಧದಲ್ಲಿ. ಅವನ ಚಿತ್ರಗಳು ನಮ್ಮ ಇತಿಹಾಸಕ್ಕೆ ಎಷ್ಟರಮಟ್ಟಿಗೆ ಸಾಕ್ಷ್ಯವಾಗಬಲ್ಲವು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಜೀವನ

ಹೋಮ್ ಹುಟ್ಟಿದ್ದು ಹಲ್ ಪಟ್ಟಣದಲ್ಲಿ. ಇತಿಹಾಸ ಚಿತ್ರಗಳಿಗೆ ಹೆಸರಾಗಿದ್ದ ಆಂಜೆಲಿಕಾ ಕೌಫ್‌ಮನ್ ಅವನ ಗುರು. 1770ರ ದಶಕದಲ್ಲಿ ರೋಮಿನಲ್ಲಿ ಅಭ್ಯಾಸ ಮಾಡಿ, ಮುಂದೆ ಡಬ್ಲಿನ್‌ನಲ್ಲಿ ಭಾವಚಿತ್ರಕಾರನಾಗಿ ದುಡಿದ. 1791ರಲ್ಲಿ ಮದರಾಸಿಗೆ ಬಂದಿಳಿದು, ಮೈಸೂರಿನ ಟಿಪ್ಪು ಸುಲ್ತಾನನ ಮೇಲೆ ಹೊರಟಿದ್ದ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ದಂಡಿನ ಜೊತೆ ಸಂಚರಿಸಲು ಅನುಮತಿ ಪಡೆದ. ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣ ಮೊದಲಾದೆಡೆ ಅವನು ಬರೆದ ರೇಖಾಚಿತ್ರಗಳು 1794ರಲ್ಲಿ ‘ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್’ ಎಂಬ ಪುಸ್ತಕವಾಗಿ ಲಂಡನ್ನಿನಲ್ಲಿ ಅಚ್ಚಾದವು. 1795ರಲ್ಲಿ ಕಲ್ಕತ್ತಕ್ಕೆ ಹೋದ. 1814ರಿಂದ ಲಖನೌದಲ್ಲಿ ಅವಧ್‌ನ ಆಸ್ಥಾನ ಚಿತ್ರಕಾರನಾಗಿದ್ದ. ಕೊನೆಗಾಲ ಕಳೆದದ್ದು ಕಾನ್ಪುರದಲ್ಲಿ.

ಎರಡು ಚಿತ್ರಗಳು

ಕಾರ್ನ್‌ವಾಲಿಸ್‌ನ ಸೈನ್ಯ 1791ರ ಮಾರ್ಚ್ 7ರಂದು ಬೆಂಗಳೂರು ಪೇಟೆಯನ್ನು ಹಿಡಿಯಿತು. ಪೇಟೆಯ ಬಾಗಿಲಲ್ಲಿ ಮದರಾಸು ಫಿರಂಗಿ ದಳದ ಅಧಿಕಾರಿ ಮೂರ್‌ಹೌಸ್ ಸತ್ತ. ಹೋಮ್ ಆ ಸಾವನ್ನು ದೊಡ್ಡ ತೈಲಚಿತ್ರವಾಗಿಸಿದ. ಕುಸಿದವನನ್ನು ಜೊತೆಗಾರರು ಆತುಕೊಂಡಿದ್ದಾರೆ, ಸುತ್ತ ಹೊಗೆ ಕವಿದಿದೆ. ಜನರಲ್ ವುಲ್ಫ್‌ನ ಸಾವನ್ನು ಕುರಿತು ಬೆಂಜಮಿನ್ ವೆಸ್ಟ್ 1770ರಲ್ಲಿ ಬರೆದ ಚಿತ್ರದ ಅಚ್ಚೇ ಇಲ್ಲಿಯೂ ಇದೆ. ಎರಡು ವಾರಗಳ ನಂತರ, ಮಾರ್ಚ್ 21ರ ರಾತ್ರಿ, ಬೆಂಗಳೂರು ಕೋಟೆ ಬಿದ್ದಾಗ ಅದರ ಕಿಲ್ಲೇದಾರ (ಕೋಟೆಯ ಅಧಿಪತಿ) ಬಹಾದುರ್ ಖಾನ್ ಹೋರಾಡುತ್ತಲೇ ಮಡಿದ. ಹೋಮ್ ವೀರಮರಣದ ದೊಡ್ಡ ಚಿತ್ರಕ್ಕೆ ಆರಿಸಿಕೊಂಡದ್ದು ಮೂರ್‌ಹೌಸ್‌ನನ್ನು, ಕಿಲ್ಲೇದಾರನನ್ನಲ್ಲ.

ಎರಡನೆಯ ಚಿತ್ರದ ವಸ್ತು 1792ರ ಫೆಬ್ರವರಿ 26ರದು. ಟಿಪ್ಪುವಿನ ಎಳೆಯ ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಅಂದು ಒತ್ತೆಯಾಳುಗಳಾಗಿ ಬ್ರಿಟಿಷ್ ಪಾಳೆಯಕ್ಕೆ ಬಂದರು. ಚಿತ್ರದಲ್ಲಿ ಕಾರ್ನ್‌ವಾಲಿಸ್ ಆ ಮಕ್ಕಳ ಕೈ ಹಿಡಿದು ತಂದೆಯಂತೆ ಬರಮಾಡಿಕೊಳ್ಳುತ್ತಾನೆ. ಎಡಬದಿಯಲ್ಲಿ ಚಿತ್ರಗಳ ಕಟ್ಟು ಹಿಡಿದು ನಿಂತವನು ಸ್ವತಃ ಹೋಮ್. ತಾನು ಕಣ್ಣಾರೆ ಕಂಡವನೆಂದು ನೋಡುಗರನ್ನು ನಂಬಿಸುವ ಉಪಾಯವಿದು. ಆದರೆ ಮಕ್ಕಳನ್ನು ಅಲ್ಲಿಗೆ ತಂದ ಸಂಧಿಯ ಷರತ್ತುಗಳು, ಅಂದರೆ ಟಿಪ್ಪು ಕೊಡಬೇಕಾಗಿದ್ದ ಅರ್ಧ ರಾಜ್ಯ ಮತ್ತು 3 ಕೋಟಿ 30 ಲಕ್ಷ ರೂಪಾಯಿ, ಆ ಕರುಣೆಯ ದೃಶ್ಯದಲ್ಲಿ ಮರೆಯಾಗಿವೆ.

ದರಿಯಾ ದೌಲತ್‌ನ ಗೋಡೆ

ಹೋಮ್ ರೇಖಾಚಿತ್ರ ಬರೆದ ಶ್ರೀರಂಗಪಟ್ಟಣದಲ್ಲೇ ಇನ್ನೊಂದು ಇತಿಹಾಸ ಚಿತ್ರವಿದೆ. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಮೈಸೂರಿನ ಕುದುರೆ ಸಾಲುಗಳ ನಡುವೆ ಬ್ರಿಟಿಷರು ಚೌಕಾಕಾರದ ವ್ಯೂಹದಲ್ಲಿ ಸಿಕ್ಕಿಕೊಂಡಿದ್ದಾರೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಗಾಯಗೊಂಡ ಬ್ರಿಟಿಷ್ ದಳಪತಿ ಬೇಯ್ಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಟಿಪ್ಪು ಮಾತ್ರ ನಿಶ್ಚಿಂತೆಯಾಗಿ ಹೂ ಮೂಸುತ್ತಿದ್ದಾನೆ. ಇಲ್ಲಿ ಒಬ್ಬ ವೀರನ ಸಾವಿಗಿಂತ ಇಡೀ ಸೈನ್ಯದ ಗೆಲುವು ಮುಖ್ಯ. 19ನೇ ಶತಮಾನದ ನಡುವೆ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಈ ಚಿತ್ರಕ್ಕೆ ಮತ್ತೆ ಬಣ್ಣ ಬಂದದ್ದನ್ನೂ ನೆನಪಿಡಬೇಕು.

ತೀರ್ಮಾನ

ಹೋಮ್‌ನ ಒತ್ತೆಯಾಳುಗಳ ಚಿತ್ರ, ಪೊಳ್ಳಿಲೂರಿನ ಗೋಡೆಚಿತ್ರ ಎರಡೂ ಪಕ್ಷಪಾತದ ಚಿತ್ರಗಳೇ. ಒಂದು ಗೆದ್ದವನ ಔದಾರ್ಯವನ್ನು ಸಾರಿದರೆ, ಇನ್ನೊಂದು ಗೆದ್ದವನ ನಿರ್ಭೀತಿಯನ್ನು ಸಾರುತ್ತದೆ. ಹೋಮ್‌ನ ಕೋಟೆ, ಬೆಟ್ಟಗಳ ರೇಖಾಚಿತ್ರಗಳು ಸ್ಥಳದ ರೂಪವನ್ನು ತಿಳಿಯಲು ಹೆಚ್ಚು ನೆಚ್ಚಬಹುದಾದ ಆಕರಗಳು; ಅವನ ತೈಲಚಿತ್ರಗಳು ಮುಖ್ಯವಾಗಿ ಈಸ್ಟ್ ಇಂಡಿಯಾ ಕಂಪನಿಯ ಮನಸ್ಸನ್ನು ತಿಳಿಸುವ ಆಕರಗಳು. ನಮ್ಮ ಪಠ್ಯಪುಸ್ತಕಗಳು ಒತ್ತೆಯಾಳುಗಳ ಚಿತ್ರವನ್ನು ಅಚ್ಚು ಹಾಕುವಾಗ ಚಿತ್ರಕಾರನ ಹೆಸರನ್ನೂ ಅವನು ಯಾರ ದಂಡಿನೊಡನೆ ಬಂದವನೆಂಬುದನ್ನೂ ಹೇಳಬೇಕು, ಪಕ್ಕದಲ್ಲಿ ಪೊಳ್ಳಿಲೂರಿನ ಗೋಡೆಚಿತ್ರವನ್ನೂ ಕೊಡಬೇಕು.