ಬ್ಲಾಂಡ್-ವೈಟ್-ಗಾರ್ಲೆಂಡ್ ಸಿಂಡ್ರೋಮ್

ಬ್ಲಾಂಡ್-ವೈಟ್-ಗಾರ್ಲೆಂಡ್ ಸಿಂಡ್ರೋಮ್ ಎಂಬುದು ಹೃದಯಕ್ಕೆ ರಕ್ತ ಒದಗಿಸುವ ಎಡ ಕರೋನರಿ ಅಪಧಮನಿಯು ಮಹಾಪಧಮನಿಯ ಬದಲು ಶ್ವಾಸಕೋಶದ ಅಪಧಮನಿಯಿಂದ ಹೊರಡುವ ಜನ್ಮಜಾತ ದೋಷ. 1933ರಲ್ಲಿ ಇದನ್ನು ವಿವರಿಸಿದ ಅಮೆರಿಕದ ಮೂವರು ವೈದ್ಯರಿಂದ ಈ ಹೆಸರು ಬಂದಿದೆ. ಸುಮಾರು 3 ಲಕ್ಷ ಶಿಶುಗಳಲ್ಲಿ ಒಂದಕ್ಕೆ ಇದು ಇರುತ್ತದೆ.

ಹುಟ್ಟಿದಾಗ ಶ್ವಾಸಕೋಶದ ಅಪಧಮನಿಯಲ್ಲಿ ಒತ್ತಡ ಹೆಚ್ಚಿರುವುದರಿಂದ ಮಗು ಆರೋಗ್ಯವಾಗಿಯೇ ತೋರುತ್ತದೆ. ಕೆಲವು ವಾರಗಳಲ್ಲಿ ಒತ್ತಡ ಇಳಿದಂತೆ ರಕ್ತವು ಹಿಮ್ಮುಖವಾಗಿ ಹರಿಯತೊಡಗಿ ಹೃದಯಸ್ನಾಯು ಸೊರಗುತ್ತದೆ. ಹಾಲು ಕುಡಿಯುವಾಗ ಮಗು ಬೆವರುತ್ತದೆ, ಬಿಳಿಚಿಕೊಳ್ಳುತ್ತದೆ, ಚೀರಿ ಅಳುತ್ತದೆ. ಮನೆಯವರು ಇದನ್ನು ಹೊಟ್ಟೆನೋವೆಂದು ಭಾವಿಸುವುದು ಸಹಜವೇ. ಇಸಿಜಿ ಸುಳಿವು ನೀಡುತ್ತದೆ. ಎಕೋ ಪರೀಕ್ಷೆಯಲ್ಲಿ ಹಿಗ್ಗಿದ ಹೃದಯವನ್ನಷ್ಟೇ ಕಂಡು ಸ್ನಾಯುರೋಗವೆಂದು ತೀರ್ಮಾನಿಸದೆ, ಅಪಧಮನಿಯ ಮೂಲವನ್ನೂ ಹುಡುಕಬೇಕಾಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ನೂರರಲ್ಲಿ ಸುಮಾರು 90 ಶಿಶುಗಳು ವರ್ಷದೊಳಗೆ ಸಾಯುತ್ತವೆ. ಶಸ್ತ್ರಚಿಕಿತ್ಸೆಯಿಂದ ಅಪಧಮನಿಯನ್ನು ಮಹಾಪಧಮನಿಗೆ ಜೋಡಿಸಿದ ಬಳಿಕ, ಸೋತ ಹೃದಯವೂ ಕೆಲವು ತಿಂಗಳುಗಳಲ್ಲಿ ಬಹುಮಟ್ಟಿಗೆ ಚೇತರಿಸಿಕೊಳ್ಳುವುದುಂಟು.